ಕಾಲೇಜಿನ ಸಂಗೀತ ವ್ಯಾಸಂಗಕ್ಕೆ ಪೂರ್ವಸಿದ್ಧತೆ

ಕರ್ನಾಟಕ ಸಂಗೀತವನ್ನೇ ಮುಖ್ಯ ವಿಷಯವಾಗಿ ಓದಬಯಸುವ ಮಕ್ಕಳನ್ನು ಕಾಲೇಜಿಗೆ ಕರೆತಂದು, “ಕಂಠ ಚೆನ್ನಾಗಿದೆ, ಅಷ್ಟು ಸಾಲದೆ?” ಎಂದು ಕೇಳುವ ತಂದೆತಾಯಿಗಳನ್ನು ನಾವು ವರ್ಷವರ್ಷವೂ ಕಾಣುತ್ತೇವೆ. ಸಾಲದೆನ್ನುವುದು ಕಠಿನ, ಎನ್ನದಿರುವುದು ಮತ್ತೂ ಕಠಿನ.

ಇತರ ವಿಷಯಗಳ ಮಾತು ಬೇರೆ. ಗಣಿತವನ್ನೋ ಇತಿಹಾಸವನ್ನೋ ಆರಿಸಿಕೊಳ್ಳುವವರಿಗೆ ಪಾಠಶಾಲೆಯೇ ಹಲವು ವರ್ಷಗಳ ತಳಹದಿಯನ್ನು ಹಾಕಿರುತ್ತದೆ. ಸಂಗೀತಕ್ಕೆ ಆ ಭಾಗ್ಯವು ಬಹುಮಟ್ಟಿಗೆ ಇಲ್ಲ. ಕಿವಿಯನ್ನು ಹದಗೊಳಿಸುವ ಹೊಣೆ ಮನೆಯದು, ಗುರುವಿನದು. ಕಾಲೇಜಿನಲ್ಲಿ ಹಾಡಿಕೆಯಷ್ಟೇ ಶಾಸ್ತ್ರವೂ ಉಂಟು. ಅಲ್ಲಿಯ ಕೆಲವು ವರ್ಷಗಳಲ್ಲಿ ಹಿಂದಿನ ಕೊರತೆಯನ್ನೂ ತುಂಬಿಕೊಳ್ಳುವುದು ಸುಲಭವಲ್ಲ.

ಒಮ್ಮೆ ಒಬ್ಬ ಹುಡುಗಿಯು ನಮ್ಮೆದುರು ಕೃತಿಗಳನ್ನು ಬಲು ಇಂಪಾಗಿ ಹಾಡಿದಳು. ಒಂದು ಸಾಲಿನ ಸ್ವರಗಳನ್ನು ಹೇಳೆಂದಾಗ ತಡವರಿಸಿದಳು. ಶ್ರುತಿಯನ್ನು ತುಸು ಏರಿಸಿದಾಗ ಸ್ವರಸ್ಥಾನ ತಪ್ಪಿದಳು. ಒಂದು ವರ್ಷ ಸಾಧಿಸಿ ಬಾ ಎಂದೆವು. ಕಣ್ಣೀರಿಟ್ಟು ಹೋದಳು.

ಆ ವರ್ಷದಲ್ಲಿ ಅವಳು ಮಾಡಿದುದನ್ನೇ ಈಗ ಎಲ್ಲರಿಗೂ ಹೇಳುತ್ತೇವೆ. ಹೊಸ ಕೃತಿಯೊಂದನ್ನೂ ಕಲಿಯಲಿಲ್ಲ. ಪುರಂದರದಾಸರು ರೂಪಿಸಿದರೆಂದು ಪರಂಪರೆಯು ಹೇಳುವ ಸರಳೆ, ಜಂಟಿ ವರಸೆಗಳನ್ನು ಪ್ರತಿದಿನವೂ ತಂಬೂರಿಯೊಡನೆ ಮಾಯಾಮಾಳವಗೌಳದಲ್ಲಿ ಮೂರು ಕಾಲಗಳಲ್ಲಿಯೂ ಸಾಧಿಸಿದಳು. ಬಳಿಕ ಅವನ್ನೇ ಶಂಕರಾಭರಣ, ಕಲ್ಯಾಣಿಗಳಲ್ಲಿ ಹಾಡಿ, ಈ ಎರಡು ಮೇಳಗಳಿಗೆ ಸ್ವರಸ್ಥಾನದಲ್ಲಿ ಮಧ್ಯಮವೊಂದರಿಂದಲೇ ಭೇದವೆಂಬುದನ್ನು ಕಿವಿಯಿಂದ ಅರಿತಳು. ತಾನು ಬಲ್ಲ ಕೃತಿಗಳನ್ನು ತಾಳ ಹಾಕುತ್ತ ಸ್ವರಲಿಪಿಯಲ್ಲಿ ಬರೆದಳು. ತ್ಯಾಗರಾಜರ ತೆಲುಗಿಗೂ ದೀಕ್ಷಿತರ ಸಂಸ್ಕೃತಕ್ಕೂ ಅರ್ಥವನ್ನು ಕೇಳಿ ತಿಳಿದಳು; ಅದರಿಂದ ಪದವನ್ನು ಒಡೆಯಬಾರದೆಡೆಯಲ್ಲಿ ಒಡೆಯುವ ದೋಷವು ಕಳೆಯಿತು.

ಮರುವರ್ಷ ಬಂದವಳಿಗೆ ಶಾಸ್ತ್ರವು ಕಬ್ಬಿಣದ ಕಡಲೆಯಾಗಲಿಲ್ಲ. 17ನೆಯ ಶತಮಾನದಲ್ಲಿ ವೆಂಕಟಮಖಿಯು ‘ಚತುರ್ದಂಡೀಪ್ರಕಾಶಿಕೆ’ಯಲ್ಲಿ ನಿರೂಪಿಸಿದ 72 ಮೇಳಗಳಲ್ಲಿ ಮೊದಲ 36 ಶುದ್ಧಮಧ್ಯಮದವು, ಉಳಿದ 36 ಪ್ರತಿಮಧ್ಯಮದವು. ಇತರರು ಇದನ್ನು ಬಾಯಿಪಾಠ ಮಾಡುತ್ತಿದ್ದರು. ಅವಳ ಕಿವಿಗೆ ಇದು ಆಗಲೇ ಪರಿಚಿತವಾಗಿತ್ತು. ಏಳು ತಾಳಗಳು ಐದು ಜಾತಿಗಳಿಂದ 35 ಆಗುವ ಬಗೆಯನ್ನು ಕೈಯಿಂದಲೇ ಎಣಿಸಿ ತೋರಿಸಿದಳು.

ಆದುದರಿಂದ ತಂದೆತಾಯಿಗಳು ಮಗುವಿಗೆ ಎಷ್ಟು ಕೃತಿಗಳು ಬರುತ್ತವೆಂದು ಎಣಿಸಬೇಕಾಗಿಲ್ಲ. ಒಂದನ್ನಾದರೂ ಶ್ರುತಿತಾಳಗಳಿಂದ ಜಾರದೆ, ಸ್ವರವನ್ನು ತಿಳಿದು ಹಾಡಬಲ್ಲುದೇ ಎಂದು ನೋಡಬೇಕು. ಹಾಡಬಲ್ಲುದಾದರೆ ಧೈರ್ಯವಾಗಿ ಕಳುಹಿಸಬಹುದು. ಇಲ್ಲವಾದರೆ ಒಂದು ವರ್ಷ ತಡೆಯುವುದರಿಂದ ನಷ್ಟವೇನೂ ಇಲ್ಲ.