ಕೌದಿ ಹೊಲಿಗೆ ಮತ್ತು ಚೊಗರಿನ ಬಣ್ಣ: ಎಲ್ಲರೂ ಕಲಿಯುವಂಥ ಶಿಬಿರ ನಡೆಸುವ ಬಗೆ

ಭಟ್ಕಳ, ಹೊನ್ನಾವರ ಮತ್ತು ಕುಮಟಾ ತಾಲೂಕುಗಳ ಮನೆಗಳಲ್ಲಿ ಉಟ್ಟು ಸವೆದ ಸೀರೆ, ಪಂಚೆಗಳಿಗೆ ಕೊರತೆಯಿಲ್ಲ. ಹಸಿ ಅಡಿಕೆ ಸುಲಿದು ಬೇಯಿಸುವ ಮನೆಗಳಲ್ಲಿ ಚೊಗರೂ ಉಳಿಯುತ್ತದೆ. ಇವೆರಡನ್ನೂ ಕೂಡಿಸಿದರೆ ಬಣ್ಣದ ಕೌದಿ, ಚೀಲ, ದಿಂಬಿನ ಹೊದಿಕೆಗಳನ್ನು ಮಾಡಿ ನಾಲ್ಕು ಕಾಸು ಗಳಿಸಬಹುದು. ಸಾಗರ ತಾಲೂಕಿನ ಹೆಗ್ಗೋಡಿನ ಬಳಿ ಇರುವ ‘ಚರಕ’ ಮಹಿಳಾ ಸಹಕಾರ ಸಂಘವು ಚೊಗರಿನಿಂದ ಕೈಮಗ್ಗದ ಬಟ್ಟೆಗೆ ಬಣ್ಣ ಕಟ್ಟುವದನ್ನು ರೂಢಿಗೆ ತಂದಿದೆ. ನಮ್ಮದೇ ಜಿಲ್ಲೆಯ ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಮಹಿಳೆಯರ ಕೌದಿ ಹೊರದೇಶಗಳಲ್ಲೂ ಹೆಸರು ಮಾಡಿದೆ. ಅವರು ಅಂಚಿನಿಂದ ಹೊಲಿಗೆ ಹಿಡಿದು ಸುತ್ತುತ್ತ ನಡುವಿಗೆ ಬರುತ್ತಾರೆ. ಮೂಲೆಗಳಿಗೆ ಬಟ್ಟೆ ಮಡಚಿದ ‘ಫೂಲ’ ಇಡದೆ ಕೌದಿ ಪೂರ್ತಿಯಾಯಿತೆಂದು ಹೇಳುವದಿಲ್ಲ.

ಕೆಲಸ ಕಠಿಣವಲ್ಲ, ಕಲಿಸುವ ಕ್ರಮದಲ್ಲಿ ಎಡವುತ್ತೇವೆ. ಕೆಲವು ವರ್ಷಗಳ ಹಿಂದೆ ಹೊನ್ನಾವರ ತಾಲೂಕಿನ ಒಂದು ಹಳ್ಳಿಯಲ್ಲಿ ನಾನು ನಡೆಸಿದ ಮೊದಲ ಶಿಬಿರವೇ ಇದಕ್ಕೆ ಸಾಕ್ಷಿ. ಬೇಸಾಯ ಶಾಸ್ತ್ರದ ಪಾಠ ಹೇಳಿ ರೂಢಿಯಾದ ನಾನು ಹಲಗೆಯ ಮೇಲೆ ಬರೆದು ಒಂದು ತಾಸು ಭಾಷಣ ಮಾಡಿದೆ. ಮೂರನೆಯ ದಿನಕ್ಕೆ ಅರ್ಧದಷ್ಟು ಜನ ಉಳಿಯಲಿಲ್ಲ. ಕಣ್ಣು ಮಂದವಾಗಿದ್ದ ಒಬ್ಬ ಅಜ್ಜಿಗೆ “ನಿಮಗೆ ಹೊಲಿಗೆ ಆಗದು, ಕುಳಿತು ನೋಡಿ” ಎಂದಿದ್ದೆ. ಅವರು ರಾಶಿಯಲ್ಲಿದ್ದ ಬಟ್ಟೆಗಳನ್ನು ಬೆರಳಲ್ಲಿ ತಿಕ್ಕಿ ಹತ್ತಿಯದು ಬೇರೆ, ನೈಲಾನಿನದು ಬೇರೆ ಮಾಡಿ ಇಟ್ಟರು. ದಾರ ಸುಟ್ಟು ನೋಡಿದಾಗ ಅವರ ಆಯ್ಕೆಯಲ್ಲಿ ತಪ್ಪಿರಲಿಲ್ಲ. ಕಲಿಯಬೇಕಾದವನು ನಾನು ಎಂದು ಆಗ ತಿಳಿಯಿತು. ಆ ಅನುಭವದಿಂದ ಕಂಡುಕೊಂಡ ಕ್ರಮವನ್ನು ಇಲ್ಲಿ ಕೊಟ್ಟಿದೆ.

ಕಾಲ ಮತ್ತು ಸ್ಥಳ

ಎಲ್ಲರಿಗೂ ಒಪ್ಪುವ ಒಂದೇ ತಿಂಗಳು ಇಲ್ಲ. ಜೂನ್ 1 ರಿಂದ ಜುಲೈ 31 ರ ವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವದರಿಂದ ಮೀನುಗಾರ ಮಹಿಳೆಯರಿಗೆ ಆಗ ಬಿಡುವು. ಆದರೆ ಹಾಲಕ್ಕಿ ಮಹಿಳೆಯರಿಗೆ ಅದೇ ನಾಟಿಯ ಕಾಲ. ಮೇಲಾಗಿ ಮಳೆಯಲ್ಲಿ ಬಣ್ಣದ ಬಟ್ಟೆ ಒಣಗದು. ಆದ್ದರಿಂದ ಶಿಬಿರವನ್ನು ಎರಡು ಕಂತುಗಳಲ್ಲಿ ಮಾಡುವದು ಲೇಸು. ಹೊಲಿಗೆಯನ್ನು ನಾಟಿ ಮುಗಿದ ಮೇಲೆ ಆಗಸ್ಟ್‌ನಲ್ಲಿ, ದಿನಕ್ಕೆ ಮೂರು ತಾಸಿನಂತೆ ಕಲಿಸಬೇಕು. ಬಣ್ಣ ಕಟ್ಟುವದನ್ನು ಭತ್ತದ ಕೊಯ್ಲು ಮುಗಿದು ಅಡಿಕೆ ಬೇಯಿಸುವ ದಿನಗಳಿಗೆ ಇಟ್ಟುಕೊಳ್ಳಬೇಕು. ಊರ ಸಂತೆಯ ದಿನ ಮತ್ತು ಶುಕ್ರವಾರ ಮಧ್ಯಾಹ್ನ ಬಿಡುವು ಕೊಡಬೇಕು. ರಂಜಾನ್ ತಿಂಗಳು ಪ್ರತಿವರ್ಷ ಹತ್ತು-ಹನ್ನೊಂದು ದಿನ ಮುಂಚೆ ಬರುವದನ್ನು ಲೆಕ್ಕ ಹಿಡಿಯಬೇಕು.

ಬಸ್ ನಿಲ್ಲುವ ಸ್ಥಳಕ್ಕೆ ಹತ್ತಿರದ, ಮೆಟ್ಟಿಲಿಲ್ಲದ, ಬೆಳಕು ಚೆನ್ನಾಗಿರುವ ಜಾಗ ಆರಿಸಿರಿ. ಒಂದು ಜಾತಿಯವರ ಅಂಗಳಕ್ಕೆ ಇನ್ನೊಂದು ಕೇರಿಯವರು ಬರಲು ಹಿಂಜರಿಯಬಹುದು. ಶಾಲೆ ಅಥವಾ ಪಂಚಾಯತಿಯ ಕಟ್ಟಡ ಉತ್ತಮ. ಶೌಚಾಲಯ ಮತ್ತು ಕೂಸುಗಳಿಗೆ ತೊಟ್ಟಿಲು ಕಟ್ಟುವ ಜಾಗ ಇರಲೇಬೇಕು.

ಕಲಿಸುವ ಕ್ರಮ

1. ಮೊದಲು ಕೈ, ಆಮೇಲೆ ಮಾತು. ಶಿಬಿರದಲ್ಲಿ ಹಾಲಕ್ಕಿ ಕನ್ನಡ, ಕೊಂಕಣಿ, ನವಾಯತಿ ಮೂರೂ ಕೇಳಿಬರುತ್ತವೆ. ಪುಸ್ತಕದ ಕನ್ನಡ ಎಲ್ಲರಿಗೂ ಎಟುಕದು. ಪ್ರತಿ ಹಂತದ ಹೊಲಿಗೆಯ ಮಾದರಿಯನ್ನು ಒಂದು ರಟ್ಟಿಗೆ ಸಾಲಾಗಿ ಅಂಟಿಸಿ ತೂಗುಹಾಕಿರಿ. ಓದು ಬಾರದವರೂ ಅದನ್ನು ಮುಟ್ಟಿ ನೋಡಿ ಮುಂದುವರಿಯುತ್ತಾರೆ.

2. ಕಿವಿ ಕೇಳದವರನ್ನು ಮುಂದೆ ಕೂಡಿಸಿರಿ. ನಿಮ್ಮ ಮುಖದ ಮೇಲೆ ಬೆಳಕು ಬೀಳಲಿ. ಹಲಗೆಯ ಕಡೆ ತಿರುಗಿ ಮಾತನಾಡಬಾರದು. ಅವರು ನಿಮ್ಮ ಕೈ ನೋಡುತ್ತಿರುವಾಗ ಮಾತಾಡದೆ, ಕೈ ನಿಲ್ಲಿಸಿದ ಮೇಲೆ ಹೇಳಿರಿ.

3. ದೃಷ್ಟಿ ಮಂದವಿದ್ದವರಿಗೆ ದೊಡ್ಡ ಕಣ್ಣಿನ ಸೂಜಿ, ಬಟ್ಟೆಯ ಬಣ್ಣಕ್ಕೆ ಎದುರಾದ ದಪ್ಪ ದಾರ ಕೊಡಿರಿ. ಹತ್ತು ಸೂಜಿಗಳಿಗೆ ಮುಂಚೆಯೇ ದಾರ ಪೋಣಿಸಿಡಿರಿ. ಏನೂ ಕಾಣದವರಿಗೆ ಬಟ್ಟೆಯ ಮೇಲೆ ಹುರಿಯೊಂದನ್ನು ಬಿಗಿಯಾಗಿ ಎಳೆದು ಕಟ್ಟಿದರೆ, ಅದರ ಬದಿಯಲ್ಲೇ ಸಾಲು ನೇರವಾಗಿ ಬರುತ್ತದೆ.

4. ಒಂದು ಕೈಯಲ್ಲಿ ಕೆಲಸ ಮಾಡುವವರಿಗೆ ಬಟ್ಟೆಯನ್ನು ಮೇಜಿನ ಅಂಚಿಗೆ ಕ್ಲಿಪ್ಪಿನಿಂದ ಬಿಗಿಯಬೇಕು. ಮಂಡಿ ನೋವಿರುವವರಿಗೆ ಬೆಂಚು ಬೇಕು.

5. ಕೌದಿ ದೊಡ್ಡದು, ನಾಲ್ವರು ನಾಲ್ಕು ಬದಿಯಿಂದ ಹೊಲಿಯಬಹುದು. ಬೇಗ ಕಲಿತವರ ಪಕ್ಕ ನಿಧಾನವಾಗಿ ಕಲಿಯುವವರು ಕೂತರೆ ಯಾರನ್ನೂ ಬೇರೆ ಮಾಡಿದಂತಾಗುವದಿಲ್ಲ. ತುಂಡುಗಳ ಜೋಡಣೆ, ಬಣ್ಣದ ಆಯ್ಕೆ ಅವರವರ ಇಷ್ಟಕ್ಕೆ ಬಿಡಿರಿ. ಒಂದೇ ನಮೂನೆ ಹೇರಬಾರದು.

ಬಣ್ಣ ಕಟ್ಟುವ ವಿಧಾನ (1 ಕಿ.ಗ್ರಾಂ. ಹತ್ತಿ ಬಟ್ಟೆಗೆ)

ಮೊದಲು ಬಟ್ಟೆಯ ಒಂದು ಎಳೆ ಸುಟ್ಟು ನೋಡಿರಿ. ಹತ್ತಿ ಕಾಗದ ಸುಟ್ಟ ವಾಸನೆ ಕೊಟ್ಟು ಬೂದಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗುಂಡಾಗುತ್ತದೆ. ಅದಕ್ಕೆ ಈ ಬಣ್ಣ ಹಿಡಿಯದು.

20 ಲೀಟರ್ ನೀರಿಗೆ 20-30 ಗ್ರಾಂ ವಾಷಿಂಗ್ ಸೋಡಾ ಹಾಕಿ ಬಟ್ಟೆಯನ್ನು ಒಂದು ತಾಸು ಕುದಿಸಿ ತೊಳೆಯಬೇಕು. 150 ಗ್ರಾಂ ಅಳಲೆಕಾಯಿ ಪುಡಿ ಕಲಸಿದ ನೀರಿನಲ್ಲಿ ರಾತ್ರಿಯಿಡೀ ನೆನೆಸಿ ಹಿಂಡಬೇಕು. ಬಳಿಕ 100-150 ಗ್ರಾಂ ಪಟಿಕವನ್ನು ಬಿಸಿನೀರಿನಲ್ಲಿ ಕರಗಿಸಿ, ಬಟ್ಟೆಯನ್ನು ಅದರಲ್ಲಿ ಒಂದು ತಾಸು ಇಡಬೇಕು. ಆಮೇಲೆ ನೀರು ಬೆರೆಸಿದ ಚೊಗರಿನಲ್ಲಿ ಬಟ್ಟೆ ಮುಳುಗಿಸಿ, ಸಣ್ಣ ಉರಿಯಲ್ಲಿ 45 ನಿಮಿಷದಿಂದ ಒಂದು ತಾಸು ಕಾಯಿಸಿದರೆ ಕೆಂಗಂದು ಬಣ್ಣ ಬರುತ್ತದೆ. ಚೊಗರಿನ ಮಂದ ಮನೆಯಿಂದ ಮನೆಗೆ ಬೇರೆಯಾದ್ದರಿಂದ ಅಂಗೈಯಗಲದ ತುಂಡಿನಲ್ಲಿ ಮೊದಲು ಪರೀಕ್ಷಿಸಬೇಕು.

ಬೂದು-ಕಪ್ಪು ಬೇಕಾದರೆ ತುಕ್ಕು ಹಿಡಿದ ಮೊಳೆ, ಬೆಲ್ಲ, ನೀರು ಕೂಡಿಸಿ 15-20 ದಿನ ಇಟ್ಟ ತಿಳಿಯಲ್ಲಿ ಬಣ್ಣದ ಬಟ್ಟೆಯನ್ನು ಕೆಲವೇ ನಿಮಿಷ ಅದ್ದಿ ತೊಳೆಯಬೇಕು. ಚೊಗರಿನ ಒಗರಿನ ಅಂಶ ಕಬ್ಬಿಣದೊಡನೆ ಕೂಡಿ ಕಪ್ಪಾಗುತ್ತದೆ. ಕಬ್ಬಿಣ ಹೆಚ್ಚಾದರೆ ಬಟ್ಟೆ ಜೀರ್ಣವಾಗುತ್ತದೆ. ಕಂದು ಬಣ್ಣಕ್ಕೆ ಕಬ್ಬಿಣದ ಪಾತ್ರೆ ಬಳಸಕೂಡದು. ಈ ಪಾತ್ರೆಗಳನ್ನು ಅಡುಗೆಗೆ ಉಪಯೋಗಿಸಬಾರದು. ಉಳಿದ ನೀರನ್ನು ಬಾವಿಯ ಬಳಿ ಚೆಲ್ಲಬಾರದು. ಕುದಿಯುವ ಪಾತ್ರೆಯ ಬಳಿ ಮಕ್ಕಳನ್ನು ಬಿಡಬಾರದು. ಕಣ್ಣು ಕಾಣದವರ ಜೊತೆಗೆ ಒಬ್ಬರಿರಲಿ.

ಶಿಬಿರದ ಕೊನೆಯ ದಿನ

ಹೂಮಾಲೆ, ಛಾಯಾಚಿತ್ರಗಳಿಗೆ ಶಿಬಿರ ಮುಗಿಯಬಾರದು. ಪ್ರತಿಯೊಬ್ಬರೂ ತಾವೇ ಮಾಡಿದ ಒಂದು ವಸ್ತುವನ್ನು ಮನೆಗೆ ಒಯ್ಯಬೇಕು. ದಾರ, ಪಟಿಕ, ಸೌದೆಗಳ ಖರ್ಚನ್ನೂ ಹೊಲಿದ ತಾಸುಗಳನ್ನೂ ಎಲ್ಲರೆದುರು ಕೂಡಿಸಿ ಬೆಲೆ ಕಟ್ಟಬೇಕು. ತಾಸಿನ ಕೂಲಿ ಹಿಡಿಯದೆ ಬೆಲೆ ಕಟ್ಟಿದರೆ ಗಳಿಕೆಯೆಂಬುದು ಬರೀ ಭ್ರಮೆ. ಹಂಚಿಕೆಯಲ್ಲಿ ಬಟ್ಟೆ ಆರಿಸಿದವರಿಗೂ ದಾರ ಪೋಣಿಸಿದವರಿಗೂ ಪಾಲಿರಬೇಕು. ಮುಂದೆ ಸಂಜೀವಿನಿ ಸ್ವಸಹಾಯ ಗುಂಪುಗಳ ಮೂಲಕ ಮಾರಾಟಕ್ಕೆ ತೊಡಗಬಹುದು.

ನಮ್ಮ ಅಜ್ಜಿಯಂದಿರು ಯಾವ ಚಿಂದಿಯನ್ನೂ ಬಿಸಾಡದೆ ಕೌದಿಗೆ ಸೇರಿಸಿದರು. ಶಿಬಿರ ನಡೆಸುವವರು ಜನರ ವಿಷಯದಲ್ಲಿಯೂ ಅದನ್ನೇ ಪಾಲಿಸಬೇಕು. ಬರುವ ಹಂಗಾಮಿಗೆ ಚೊಗರನ್ನು ಚೆಲ್ಲದೆ ಒಂದು ಡಬ್ಬಿ ತೆಗೆದಿರಿಸಿರೆಂದು ರೈತ ಬಾಂಧವರಲ್ಲಿ ವಿನಂತಿ.