ಚಕ್ರಕ್ಕೆ ಸುತ್ತಿಗೆ ಏಟು! ಎಂಜಿಬಿ ಹೊರಟಿತು!

ಸುತ್ತಿಗೆ ಎತ್ತಿದರು. ಚಕ್ರಕ್ಕೇ ಏಟು! ಠಣ್! ಇನ್ನೊಂದು. ಠಣ್!

ಗಾಬರಿಯಾಗಬೇಡಿ. ಕಾರನ್ನು ಯಾರೂ ಒಡೆಯುತ್ತಿಲ್ಲ. ಪಯಣಕ್ಕೆ ಸಜ್ಜು ಮಾಡುತ್ತಿದ್ದಾರೆ! ಇದು ಇಂಗ್ಲೆಂಡಿನ ಆಕ್ಸ್‌ಫರ್ಡ್ ಪಕ್ಕದ ಆ್ಯಬಿಂಗ್ಡನ್. ಶನಿವಾರ ಬೆಳಿಗ್ಗೆ. ಎಂಜಿ ಸ್ಪೋರ್ಟ್ಸ್ ಕಾರುಗಳು ಸಾಲುಗಟ್ಟಿ ನಿಂತಿವೆ. ಕೆಂಪು, ಕಡುಹಸಿರು, ಕೆನೆಬಣ್ಣ! ಪ್ರತಿಯೊಂದರ ಮೂತಿಯ ಮೇಲೂ ಎಂಟು ಮೂಲೆಯ ಬಿಲ್ಲೆ. ವಾರಾಂತ್ಯದ ಕ್ಲಬ್ ರನ್, ಅಂದರೆ ಕ್ಲಬ್ಬಿನವರೆಲ್ಲ ಸೇರಿ ಹೋಗುವ ಪಯಣ, ಇನ್ನೇನು ಶುರು!

ಮೊದಲು ಆ ಚಕ್ರ ನೋಡಿ. ನಿಮ್ಮ ಮನೆಯ ಕಾರಿನ ಚಕ್ರಕ್ಕೆ ನಾಲ್ಕೋ ಐದೋ ನಟ್ ಇರುತ್ತವೆ. 1960ರ ದಶಕದ ಈ ಎಂಜಿಬಿ ಮಾದರಿಯ ಸ್ಪೋಕ್ ಚಕ್ರಕ್ಕೆ ಎಷ್ಟು? ಊಹಿಸಿ!

ಒಂದೇ ಒಂದು!

ನಟ್ಟನಡುವೆ, ಎರಡು ಕಿವಿ ಚಾಚಿಕೊಂಡ ದೊಡ್ಡ ನಟ್. ಸ್ಪ್ಯಾನರ್ ಬೇಡ, ಪಾನಾ ಬೇಡ. ಮೆತ್ತನೆಯ ತಾಮ್ರದ ಸುತ್ತಿಗೆಯಿಂದ ಕಿವಿಗೆ ನಾಲ್ಕೇಟು, ಬಿಗಿಯಾಯಿತು! ಇನ್ನೂ ಸೋಜಿಗವಿದೆ. ಎಡಗಡೆಯ ನಟ್ಟಿನ ಥ್ರೆಡ್ ಒಂದು ದಿಕ್ಕಿಗೆ, ಬಲಗಡೆಯದು ಅದರ ವಿರುದ್ಧ ದಿಕ್ಕಿಗೆ. ಯಾಕೆ ಗೊತ್ತೇ? ಗಾಡಿ ಮುಂದೆ ಓಡಿದಂತೆಲ್ಲ ನಟ್ ತಂತಾನೇ ಬಿಗಿಯಾಗಲಿ ಎಂದು! ಓಡಿದಷ್ಟೂ ಭದ್ರ!

ಬನ್ನಿ, ಒಳಗೆ ಕೂತುಕೊಳ್ಳಿ. ಎರಡೇ ಸೀಟು. ಮೇಲೆ ಆಕಾಶ! ಕೀಲಿ ತಿರುಗಿಸಿ. ತಡೆಯಿರಿ, ಈಗಲೇ ಸ್ಟಾರ್ಟ್ ಮಾಡಬೇಡಿ. ಕಿವಿಗೊಡಿ.

ಟಿಕ್ ಟಿಕ್ ಟಿಕ್ ಟಿಕ್... ಟಿಕ್... ಟಿಕ್. ನಿಂತಿತು!

ಅದೇನು? ಗಡಿಯಾರವಲ್ಲ. ಹಿಂದುಗಡೆ ಇರುವ ಪೆಟ್ರೋಲ್ ಪಂಪ್! ಕಾರ್ಬುರೇಟರಿನ ತೊಟ್ಟಿ ತುಂಬುವವರೆಗೂ ಬಡಿದುಕೊಳ್ಳುತ್ತದೆ, ತುಂಬಿದೊಡನೆ ಸುಮ್ಮನಾಗುತ್ತದೆ. "ನಾನು ತಯಾರು" ಎಂದು ಕಾರೇ ಹೇಳಿದಂತಾಯಿತು! ಈಗ ಚೋಕ್ ಎಳೆಯಿರಿ, ಸ್ಟಾರ್ಟ್ ಮಾಡಿ. ಬುರ್‍ರ್ರ್! 1,798 ಸಿಸಿಯ ಎಂಜಿನ್ ಎದ್ದಿತು. ಅದಕ್ಕೆ ಕಾರ್ಬುರೇಟರ್ ಎರಡು! ನಿಮ್ಮ ಬೆನ್ನ ಹಿಂದೆ, ನೆಲದಡಿ ಇರುವ ಬ್ಯಾಟರಿಯೂ ಎರಡು! ಆರಾರು ವೋಲ್ಟಿನ ಜೋಡಿ!

ಹೊರಟೆವು! ಮುಂದೆ ಎಂಜಿ, ಹಿಂದೆ ಎಂಜಿ. ವಾಂಟೇಜ್ ಊರು ದಾಟಿದರೆ ಗುಡ್ಡದ ಬುಡದಲ್ಲೇ ಬಳುಕುತ್ತ ಹೋಗುವ ಸಣ್ಣ ರಸ್ತೆ. ಮೂರನೇ ಗೇರ್, ನಾಲ್ಕನೇ ಗೇರ್. ಈಗ ಡ್ಯಾಶ್‌ಬೋರ್ಡಿನ ಆ ಪುಟ್ಟ ಸ್ವಿಚ್ ಒತ್ತಿ. ಎಂಜಿನ್ನಿನ ಸದ್ದು ಇಳಿಯಿತು. ವೇಗ ಮಾತ್ರ ಇಳಿಯಲೇ ಇಲ್ಲ!

ಇದೇ ಓವರ್‌ಡ್ರೈವ್. ಕ್ಲಚ್ ತುಳಿಯುವ ಗೋಜೇ ಇಲ್ಲ. ಮೂರರಲ್ಲೂ ಕೆಲಸ ಮಾಡುತ್ತದೆ, ನಾಲ್ಕರಲ್ಲೂ ಮಾಡುತ್ತದೆ. ಹಾಗಾದರೆ ನಾಲ್ಕು ಗೇರಿನ ಈ ಕಾರಿಗೆ ನಿಜಕ್ಕೂ ಎಷ್ಟು ಗೇರು? ಆರು!

ಎಡಕ್ಕೆ ನೋಡಿ! ಗುಡ್ಡದ ಹಸಿರು ಮೈಮೇಲೆ ಬಿಳಿ ಕುದುರೆ! ಅಫಿಂಗ್ಟನ್ನಿನ ವೈಟ್ ಹಾರ್ಸ್. ಉದ್ದ ಸುಮಾರು 110 ಮೀಟರ್. ವಯಸ್ಸು? ನೂರು ವರ್ಷ? ಐನೂರು? ಇನ್ನೂ ಮೇಲೆ ಹೋಗಿ. ಸುಮಾರು 3,000 ವರ್ಷ! ಹುಲ್ಲು ಮುಚ್ಚಿಹೋಗದೆ ಅದು ಉಳಿದದ್ದು ಹೇಗೆ? ತಲೆಮಾರಿನಿಂದ ತಲೆಮಾರಿಗೆ ಜನ ಕಳೆ ಕಿತ್ತಿದ್ದಾರೆ, ಹೊಸ ಸುಣ್ಣಕಲ್ಲಿನ ಪುಡಿ ತುಂಬಿದ್ದಾರೆ. ಇವತ್ತಿಗೂ ಮಂಡಿಯೂರಿ ಕೂತು ಅದನ್ನು ಸುತ್ತಿಗೆಯಿಂದ ಬಡಿದು ಕೂರಿಸುತ್ತಾರೆ. ಇಲ್ಲೂ ಸುತ್ತಿಗೆ! ಇಲ್ಲೂ ಬಿಡದ ಆರೈಕೆ!

ಈಗ ಒಂದು ಒಗಟು. ನಮ್ಮ ಸಾಲಿನಲ್ಲಿ ಎಂಜಿಬಿಗಿಂತ ಹಿರಿಯ ಕಾರೊಂದಿದೆ. ಎಂಜಿ ಟಿಸಿ, 1945ರಲ್ಲಿ ಬಂದ ಮಾದರಿ. ಇದರ ಷಾಸಿ ಸಂಖ್ಯೆಗಳು ಒಂದರಿಂದ ಶುರುವಾಗುವುದಿಲ್ಲ. ನೂರರಿಂದಲೂ ಅಲ್ಲ. 251ರಿಂದ! ಏನಿದು ಲೆಕ್ಕ? ಯೋಚಿಸಿ. ಎಂಜಿನ್ನಿನ ಅಳತೆಯೇ? ಅಲ್ಲ. ಅದೃಷ್ಟದ ಸಂಖ್ಯೆಯೇ? ಅಲ್ಲ!

ಅದು ಆ್ಯಬಿಂಗ್ಡನ್ನಿನಲ್ಲಿದ್ದ ಎಂಜಿ ಕಾರ್ಖಾನೆಯ ಫೋನ್ ನಂಬರ್! ಆ್ಯಬಿಂಗ್ಡನ್ 251! ಉಕ್ಕಿನ ಮೇಲೆ ಕೊರೆದ ಫೋನ್ ನಂಬರ್!

ಅಷ್ಟರಲ್ಲಿ ಮುಂದಿನ ಕಾರು ಕೆಮ್ಮಿ ನಿಂತಿತು. ಇನ್ನು ಪಯಣ ಕೆಟ್ಟಿತೇ? ಇಲ್ಲವೇ ಇಲ್ಲ! ಮದುವೆ ಮನೆಯಲ್ಲಿ ಒಲೆ ಆರಿತೆಂದರೆ ಓಡಿಬರುವ ನೆಂಟರ ಹಾಗೆ ಎಲ್ಲರೂ ಬಂದರು. ಬಾನೆಟ್ ಎತ್ತಿದರು. ಒಬ್ಬರ ಡಿಕ್ಕಿಯಲ್ಲಿ ಪ್ಲಗ್, ಇನ್ನೊಬ್ಬರದರಲ್ಲಿ ಫ್ಯಾನ್ ಬೆಲ್ಟ್, ಮತ್ತೊಬ್ಬರದರಲ್ಲಿ ರೋಟರ್ ಆರ್ಮ್! ಕಂಪ್ಯೂಟರ್ ಇಲ್ಲ, ಲ್ಯಾಪ್‌ಟಾಪ್ ಇಲ್ಲ. ಕಣ್ಣು, ಕೈ, ಕಿವಿ ಸಾಕು. ರೋಟರ್ ಆರ್ಮ್ ಬದಲಾಯಿತು, ಕಾರು ಗುಡುಗಿತು! ಇದಕ್ಕೇ ಬೇಕು ಕ್ಲಬ್ಬು! ಎಂಜಿ ಕಾರ್ ಕ್ಲಬ್ ಹುಟ್ಟಿದ್ದು 1930ರಲ್ಲಿ. ಅಂದಿನಿಂದ ಇಂದಿನವರೆಗೂ ನಡೆಯುತ್ತಲೇ ಇದೆ!

ಫೇರಿಂಗ್ಡನ್, ಲೆಚ್ಲೇಡ್, ಜೇನುಬಣ್ಣದ ಕಲ್ಲುಮನೆಗಳ ಬೈಬರಿ! ಎದುರಿನಿಂದ ಇನ್ಯಾವುದೋ ಎಂಜಿ ಬಂದರೆ ಕೈ ಮೇಲೇಳುತ್ತದೆ. ಪರಿಚಯ ಬೇಕಿಲ್ಲ, ಬಿಲ್ಲೆ ಸಾಕು! ಊಟಕ್ಕೆ ನಿಂತಲ್ಲಿ ಬರೀ ಕಾರಿನ ಮಾತು. ಅಲ್ಲಿ ಕಿವಿಗೆ ಬಿದ್ದ ಕಥೆ ಕೇಳಿ!

1957, ಅಮೆರಿಕದ ಬಾನ್ವಿಲ್ ಉಪ್ಪಿನ ಬಯಲು. ಎಂಜಿ ಕಟ್ಟಿದ್ದು ಹನಿಯಾಕಾರದ ಒಂದು ವಿಚಿತ್ರ ಗಾಡಿ, ಇಎಕ್ಸ್181. ಒಳಗೆ ಹೆಚ್ಚುಕಡಿಮೆ ಮಲಗಿಕೊಂಡೇ ಓಡಿಸುವವರು ರೇಸ್ ಚಾಲಕ ಸ್ಟರ್ಲಿಂಗ್ ಮಾಸ್. ಎಂಜಿನ್? ಬರೀ ಒಂದೂವರೆ ಲೀಟರ್! ನಮ್ಮ ಎಂಜಿಬಿಯ ಎಂಜಿನ್ನಿನ ಮನೆತನದ್ದೇ. ಸೂಪರ್‌ಚಾರ್ಜರ್ ಸೇರಿಸಿದ್ದರು. ವೇಗ ಎಷ್ಟಿರಬಹುದು? ಗಂಟೆಗೆ 200 ಕಿಲೋಮೀಟರ್? ಮೇಲೆ ಹೋಗಿ. 300? ಇನ್ನೂ ಮೇಲೆ!

395 ಕಿಲೋಮೀಟರ್!

ಎರಡು ವರ್ಷದ ನಂತರ ಇನ್ನೊಬ್ಬ ರೇಸ್ ಚಾಲಕ ಫಿಲ್ ಹಿಲ್ ಅದೇ ಗಾಡಿಯಲ್ಲಿ 400ರ ಗಡಿಯನ್ನೂ ದಾಟಿದರು!

ಈಗ ಇದೇ ಬಿಲ್ಲೆ ನಮ್ಮ ಬೆಂಗಳೂರು, ಹುಬ್ಬಳ್ಳಿ, ಮಂಗಳೂರಿನ ರಸ್ತೆಗಳಲ್ಲೂ ಕಾಣುತ್ತದೆ. ಎಂಜಿ ಹೆಕ್ಟರ್ ನೋಡಿದ್ದೀರಲ್ಲ? ಅದೇ ಎಂಟು ಮೂಲೆ! ಆಕ್ಸ್‌ಫರ್ಡಿನ ಮಾರಿಸ್ ಗ್ಯಾರೇಜಸ್ ಎಂಬ ಒಂದು ಗ್ಯಾರೇಜಿನಿಂದ ಹೊರಟ ಬಿಲ್ಲೆ ಎಲ್ಲಿಂದ ಎಲ್ಲಿಗೆ ಬಂತು ನೋಡಿ!

ಎಲ್ಲಕ್ಕಿಂತ ದೊಡ್ಡ ಅಚ್ಚರಿ ಈಗ. ಎಂಜಿಬಿ 1962ರಲ್ಲಿ ಬಂತು. 5 ಲಕ್ಷಕ್ಕೂ ಹೆಚ್ಚು ತಯಾರಾದವು. 1980ರಲ್ಲಿ ಆ್ಯಬಿಂಗ್ಡನ್ ಕಾರ್ಖಾನೆಯ ಬಾಗಿಲು ಮುಚ್ಚಿತು. ಕಥೆ ಅಲ್ಲಿಗೆ ಮುಗಿಯಬೇಕಿತ್ತು, ಅಲ್ಲವೇ?

ಮುಗಿಯಲಿಲ್ಲ! 1988ರಲ್ಲಿ ಬ್ರಿಟಿಷ್ ಮೋಟರ್ ಹೆರಿಟೇಜ್ ಸಂಸ್ಥೆ ಹಳೆಯ ಅಚ್ಚುಗಳನ್ನೇ ಹೊರತೆಗೆದು ಎಂಜಿಬಿಯ ಬಾಡಿಯನ್ನು ಮತ್ತೆ ಮಾಡತೊಡಗಿತು. ತುಕ್ಕಿನ ಒಂದು ಚುಕ್ಕೆಯೂ ಇಲ್ಲದ, ಅಪ್ಪಟ ಹೊಸ ಬಾಡಿ! ತುಕ್ಕು ತಿಂದ ಕಾರಿನ ಎಂಜಿನ್ನು, ಚಕ್ರ, ಸೀಟು ತಂದು ಅದಕ್ಕೆ ಕೂರಿಸಿದರೆ ಸಾಕು, ಕಾರು ಮರುಹುಟ್ಟು ಪಡೆಯಿತು!

ಇದು ಹೇಗೆ ಸಾಧ್ಯವಾಯಿತು? ಈ ಕ್ಲಬ್ಬಿನ ಜನ ಕಾರನ್ನು ಶೆಡ್ಡಿನಲ್ಲಿ ಹೊದಿಸಿ ಇಡಲಿಲ್ಲ. ಓಡಿಸಿದರು! ಓಡಿದರೆ ಭಾಗ ಸವೆಯುತ್ತದೆ, ಸವೆದರೆ ಹೊಸದು ಬೇಕಾಗುತ್ತದೆ, ಬೇಕೆನ್ನುವವರಿದ್ದರೆ ಮಾಡುವವರು ಹುಟ್ಟುತ್ತಾರೆ! ನಿಮ್ಮ ಮನೆಯಲ್ಲೂ ಅಜ್ಜನ ಫಿಯೆಟ್ಟೋ ಅಪ್ಪನ ಅಂಬಾಸಿಡರೋ ಇದ್ದರೆ ಇನ್ನೇಕೆ ತಡ? ಈ ಭಾನುವಾರವೇ ಹೊರಗೆ ತೆಗೆಯಿರಿ, ಓಡಿಸಿ!