ಕಲ್ಲೆಣ್ಣೆ ಮತ್ತು ಅಂಟುವಾಳ: ಒಂದು ವಿಜ್ಞಾನ ಪರಿಕಲ್ಪನೆಯ ಕನ್ನಡ ನೆಲೆ

ವಿಜ್ಞಾನದ ಪರಿಕಲ್ಪನೆಯೊಂದನ್ನು ಕನ್ನಡಕ್ಕೆ ತರುವುದೆಂದರೆ ಅದಕ್ಕೆ ಸಮಾನವಾದ ಪಾರಿಭಾಷಿಕ ಪದವನ್ನು ಟಂಕಿಸುವುದು ಎಂಬ ತಿಳಿವಳಿಕೆ ನಮ್ಮಲ್ಲಿ ಬೇರೂರಿದೆ. 1918ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರು ಮತ್ತು ನಂಗಪುರಂ ವೆಂಕಟೇಶಯ್ಯಂಗಾರ್ಯರು ‘ವಿಜ್ಞಾನ’ ಪತ್ರಿಕೆಯನ್ನು ಹೊರತಂದ ಕಾಲದಿಂದ ಈ ಕೆಲಸ ನಿರಂತರವಾಗಿ ನಡೆದುಬಂದಿದೆ. ಆದರೆ ಪದ ದೊರೆತ ಮಾತ್ರಕ್ಕೆ ಅರ್ಥ ದೊರೆಯುತ್ತದೆಯೇ ಎಂಬ ಪ್ರಶ್ನೆ ಉಳಿದೇ ಇದೆ. ‘ಸರ್ಫ್ಯಾಕ್ಟಂಟ್’ ಎಂಬ ಪದವನ್ನು ‘ಪೃಷ್ಠಸಕ್ರಿಯ ವಸ್ತು’ ಎಂದೋ ‘ಮೇಲ್ಮೈ ಸಕ್ರಿಯಕಾರಕ’ ಎಂದೋ ಅನುವಾದಿಸಬಹುದು. ಅಂತಹ ಅನುವಾದ ವಸ್ತುವಿಗೆ ಹೆಸರು ಕೊಡುತ್ತದೆಯೇ ಹೊರತು ಅದರ ಕೆಲಸವನ್ನು ತೋರಿಸುವುದಿಲ್ಲ. ಭೂಗರ್ಭದಿಂದ ಹೆಚ್ಚಿನ ಖನಿಜ ತೈಲವನ್ನು ಹೊರತೆಗೆಯಲು ಈ ವಸ್ತುವನ್ನು ಬಳಸುವ ಬಗೆಯನ್ನು ನಿದರ್ಶನವಾಗಿಟ್ಟುಕೊಂಡು, ಅದರ ತತ್ತ್ವವು ಕನ್ನಡದ ಬಳಕೆಯ ಬದುಕಿನಲ್ಲಿ ಈಗಾಗಲೇ ಹೇಗೆ ನೆಲೆಗೊಂಡಿದೆ ಎಂಬುದನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ಶಿಲೆಯಲ್ಲಿ ಸೆರೆಯಾದ ಎಣ್ಣೆ

ನೆಲದಾಳದಲ್ಲಿ ಎಣ್ಣೆಯು ಕೊಳದಂತೆ ನಿಂತಿದೆ ಎಂಬ ಜನಪ್ರಿಯ ಕಲ್ಪನೆ ಸರಿಯಲ್ಲ. ಮರಳುಗಲ್ಲು, ಸುಣ್ಣಕಲ್ಲುಗಳಂತಹ ಜಲಜ ಶಿಲೆಗಳ ಸೂಕ್ಷ್ಮ ರಂಧ್ರಗಳಲ್ಲಿ, ಒದ್ದೆ ಮರಳಿನಲ್ಲಿ ನೀರು ಇರುವಂತೆ, ಎಣ್ಣೆ ಸೇರಿಕೊಂಡಿರುತ್ತದೆ. ಬಾವಿ ಕೊರೆದ ಆರಂಭದಲ್ಲಿ ನೆಲದ ಒಳಗಿನ ಒತ್ತಡವೇ ಎಣ್ಣೆಯನ್ನು ಮೇಲಕ್ಕೆ ತಳ್ಳುತ್ತದೆ. ಒತ್ತಡ ಕುಗ್ಗಿದ ಮೇಲೆ ಪಕ್ಕದ ಬಾವಿಗಳ ಮೂಲಕ ನೀರನ್ನು ನುಗ್ಗಿಸಲಾಗುತ್ತದೆ. ಈ ಎರಡು ಹಂತಗಳು ಮುಗಿದಾಗ ಹೊರಬಂದಿರುವುದು ಜಗತ್ತಿನ ಸರಾಸರಿಯಲ್ಲಿ ಒಟ್ಟು ಎಣ್ಣೆಯ ಸುಮಾರು ಮೂರನೆಯ ಒಂದು ಪಾಲು ಮಾತ್ರ. ಉಳಿದದ್ದು ಶಿಲೆಯಲ್ಲೇ ಉಳಿಯುತ್ತದೆ.

ಇದಕ್ಕೆ ಮುಖ್ಯವಾಗಿ ಎರಡು ಕಾರಣಗಳಿವೆ. ಮೊದಲನೆಯದು, ತೆಳುವಾದ ನೀರು ಮಂದವಾದ ಎಣ್ಣೆಯನ್ನು ತಳ್ಳುವ ಬದಲು ಅದನ್ನು ಬಳಸಿಕೊಂಡು ಮುಂದೆ ಹರಿದುಬಿಡುವುದು. ಎರಡನೆಯದು, ಎಣ್ಣೆ ಸಣ್ಣ ಸಣ್ಣ ಹನಿಗಳಾಗಿ ಒಡೆದು ರಂಧ್ರಗಳ ಇಕ್ಕಟ್ಟಾದ ಕೊರಳಿನಲ್ಲಿ ಸಿಕ್ಕಿಹಾಕಿಕೊಳ್ಳುವುದು. ಎಣ್ಣೆ ಮತ್ತು ನೀರು ಸಂಧಿಸುವ ಗಡಿಯಲ್ಲಿ ಒಂದು ಬಿಗಿತವಿರುತ್ತದೆ. ಆ ಬಿಗಿತದಿಂದಾಗಿ ಹನಿ ದುಂಡಗೆ ಇರಬಯಸುತ್ತದೆ. ಕಿರಿದಾದ ಕೊರಳಿನಲ್ಲಿ ನುಸುಳಬೇಕಾದರೆ ಅದು ಉದ್ದವಾಗಿ ಎಳೆದುಕೊಳ್ಳಬೇಕು. ಅಷ್ಟು ಎಳೆಯುವ ಶಕ್ತಿ ಹಿಂದಿನಿಂದ ತಳ್ಳುವ ನೀರಿಗೆ ಇರುವುದಿಲ್ಲ. ಸಾಮಾನ್ಯವಾಗಿ ಈ ಬಿಗಿತ ಮೀಟರಿಗೆ 20ರಿಂದ 30 ಮಿಲಿನ್ಯೂಟನ್ನಿನಷ್ಟು. ಹನಿ ಸಡಿಲಗೊಂಡು ಹರಿಯಬೇಕಾದರೆ ಅದು ಹತ್ತು ಸಾವಿರದಲ್ಲಿ ಒಂದು ಪಾಲಿನಷ್ಟು ಮಟ್ಟಕ್ಕೆ ಇಳಿಯಬೇಕು. ಸರ್ಫ್ಯಾಕ್ಟಂಟನ್ನು ನೀರಿನೊಡನೆ ಕಳುಹಿಸುವುದು ಈ ಕಾರಣಕ್ಕಾಗಿ.

2. ಬೆಟ್ಟದ ಕಾಯಿ

ಯಳಂದೂರು, ಕೊಳ್ಳೇಗಾಲ, ಹನೂರು ಸೀಮೆಯ ನೆಲದಲ್ಲಿ ಎಣ್ಣೆಯಿಲ್ಲ. ಹೊನ್ನೂರಿನಂತಹ ಬಯಲ ಊರುಗಳಿಗೆ ಹತ್ತಿರದ ಬಿಳಿಗಿರಿರಂಗನ ಬೆಟ್ಟಸಾಲು ಚಾರ್ನೊಕೈಟ್ ಎಂಬ ಅತಿ ಪ್ರಾಚೀನ ಶಿಲೆಯಿಂದಾದುದು. ಎಣ್ಣೆ ಹುಟ್ಟಿ ನೆಲೆಸುವ ಜಲಜ ಶಿಲೆಗಳ ಪದರ ಅಲ್ಲಿಲ್ಲ. ಆದರೆ ಎಣ್ಣೆಯನ್ನು ಬಿಡಿಸುವ ವಸ್ತು ಆ ಬೆಟ್ಟದ ಮರಬಳ್ಳಿಗಳಲ್ಲಿದೆ. ಸೋಲಿಗರು ಜೇನು, ನೆಲ್ಲಿಕಾಯಿಗಳ ಜೊತೆಗೆ ಸಂಗ್ರಹಿಸುತ್ತ ಬಂದಿರುವ ಅಂಟುವಾಳ ಮತ್ತು ಸೀಗೆಕಾಯಿಗಳೇ ಆ ವಸ್ತುಗಳು. ಎಣ್ಣೆಸ್ನಾನದ ತಲೆಗೆ ಸೀಗೆಪುಡಿ, ರೇಷ್ಮೆ ಸೀರೆಗೆ ಮತ್ತು ಅಕ್ಕಸಾಲಿಯ ಒಡವೆಗೆ ಅಂಟುವಾಳದ ನೀರು ಎಂಬುದು ಪರಿಚಿತ ರೂಢಿ. ಅಂಟುವಾಳದ ಕುಲಕ್ಕೆ ಸಸ್ಯಶಾಸ್ತ್ರದಲ್ಲಿ ಇರುವ ‘ಸ್ಯಾಪಿಂಡಸ್’ ಎಂಬ ಹೆಸರಿನ ಅರ್ಥವೂ ‘ಇಂಡಿಯಾದ ಸಾಬೂನು’ ಎಂದೇ.

ಈ ಕಾಯಿಗಳಲ್ಲಿರುವ ಸ್ಯಾಪೊನಿನ್ ಎಂಬ ರಾಸಾಯನಿಕದ ಅಣುವಿಗೆ ಎರಡು ತುದಿಗಳು. ಸಕ್ಕರೆಯಂಶವಿರುವ ತುದಿ ನೀರಿಗೆ ಒಲಿಯುತ್ತದೆ. ಇನ್ನೊಂದು ತುದಿ ನೀರನ್ನು ಒಲ್ಲದೆ ಎಣ್ಣೆಗೆ ಒಲಿಯುತ್ತದೆ. ಆದ್ದರಿಂದ ಅಣುಗಳು ಎಣ್ಣೆ ಮತ್ತು ನೀರಿನ ಗಡಿಯಲ್ಲಿ ಸಾಲುಗಟ್ಟಿ ನಿಲ್ಲುತ್ತವೆ, ಗಡಿಯ ಬಿಗಿತ ಸಡಿಲುತ್ತದೆ, ಜಿಡ್ಡು ಕಿರುಹನಿಗಳಾಗಿ ನೀರಿನೊಡನೆ ಹೊರಡುತ್ತದೆ. ಕೂದಲಿನಿಂದ ಹರಳೆಣ್ಣೆ ಬಿಡುವುದೂ ಶಿಲೆಯಿಂದ ಕಲ್ಲೆಣ್ಣೆ ಬಿಡುವುದೂ ತತ್ತ್ವದಲ್ಲಿ ಒಂದೇ.

ಆದರೆ ಈ ಹೋಲಿಕೆಗೆ ಮಿತಿಯಿದೆ. ನೊರೆ ಹೆಚ್ಚಾದಷ್ಟೂ ಗುಣ ಹೆಚ್ಚು ಎಂಬ ಮನೆಯ ಅಳತೆ ಇಲ್ಲಿ ಸಲ್ಲದು. ಇಲ್ಲಿ ಮುಖ್ಯವಾದುದು ಗಡಿಯ ಬಿಗಿತ ಎಷ್ಟು ಇಳಿಯಿತು ಎಂಬುದು. ಅಲ್ಲದೆ ತಲೆ ಉಜ್ಜುವ ಕೈಯ ಬಲ ಶಿಲೆಯೊಳಗೆ ಇಲ್ಲ. ಅಂಟುವಾಳದ ಜಾತಿಯ ಕಾಯಿಗಳ ಸ್ಯಾಪೊನಿನ್ನನ್ನು ತೈಲ ಬಿಡಿಸಲು ಬಳಸುವ ಕುರಿತು ಪ್ರಯೋಗಾಲಯಗಳಲ್ಲಿ ಅಧ್ಯಯನ ನಡೆದಿದ್ದರೂ, ತೈಲಕ್ಷೇತ್ರಗಳಲ್ಲಿ ಪ್ರಧಾನವಾಗಿ ಬಳಕೆಯಾಗುವುದು ಪೆಟ್ರೋಲಿಯಂ ಮೂಲದ ಸಲ್ಫೊನೇಟುಗಳಂತಹ ಕೃತಕ ವಸ್ತುಗಳು.

3. ಚೌಳು, ಅಂಟುವಾಳ, ಗಂಜಿ

ಕೃತಕ ಸರ್ಫ್ಯಾಕ್ಟಂಟ್ ದುಬಾರಿಯಾದುದು. ಅದರಲ್ಲಿ ಒಂದು ಪಾಲು ಶಿಲೆಯ ಮೈಗೆ ಅಂಟಿ ನಷ್ಟವಾಗುತ್ತದೆ. ಗಡಸು ನೀರಿನಲ್ಲಿ ಸಾಬೂನು ಗಸಿಯಾಗುವಂತೆ, ನೆಲದಾಳದ ನೀರಿನ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳೊಡನೆ ಸೇರಿ ಇನ್ನೊಂದು ಪಾಲು ಕೆಡುತ್ತದೆ. ಆದ್ದರಿಂದ ಕ್ಷಾರ, ಸರ್ಫ್ಯಾಕ್ಟಂಟ್ ಮತ್ತು ಪಾಲಿಮರ್ ಮೂರನ್ನೂ ಒಟ್ಟಿಗೆ ಕಳುಹಿಸುವ ವಿಧಾನ ರೂಪುಗೊಂಡಿತು.

ಕ್ಷಾರದ ಕೆಲಸವನ್ನು ಮಡಿವಾಳರ ಚೌಳು ಮಣ್ಣಿನಿಂದ ತಿಳಿಯಬಹುದು. ಚೌಳಿನ ನೀರಿನಲ್ಲಿ ಬಟ್ಟೆ ನೆನೆಸಿ ಉಬ್ಬೆಗಿಟ್ಟಾಗ ಕ್ಷಾರವು ಜಿಡ್ಡಿನೊಡನೆ ಸೇರಿ ಬಟ್ಟೆಯಲ್ಲೇ ಸಾಬೂನಾಗುತ್ತದೆ. ಅದೇ ರೀತಿ ಸೋಡಿಯಂ ಕಾರ್ಬೊನೇಟು ಕಚ್ಚಾ ತೈಲದಲ್ಲಿರುವ ಆಮ್ಲಗಳೊಡನೆ ವರ್ತಿಸಿ ಶಿಲೆಯೊಳಗೇ ಸಾಬೂನನ್ನು ಹುಟ್ಟಿಸುತ್ತದೆ. ಸರ್ಫ್ಯಾಕ್ಟಂಟ್ ಶಿಲೆಗೆ ಅಂಟುವುದನ್ನೂ ತಗ್ಗಿಸುತ್ತದೆ. ಪಾಲಿಮರ್ ಬೆರೆತ ನೀರು ಗಂಜಿಯಂತೆ ಮಂದವಾಗಿ, ಎಣ್ಣೆಯನ್ನು ಬಳಸಿ ಓಡದೆ ಅದನ್ನು ಮುಂದಕ್ಕೆ ತಳ್ಳುತ್ತದೆ. ಹೀಗೆ ಸರ್ಫ್ಯಾಕ್ಟಂಟ್ ಹನಿಯನ್ನು ಬಿಡಿಸಿದರೆ ಪಾಲಿಮರ್ ಅದನ್ನು ಬಾವಿಯವರೆಗೆ ಒಯ್ಯುತ್ತದೆ.

ಚೀನಾದ ದಾಚಿಂಗ್ ಕ್ಷೇತ್ರದಲ್ಲಿ 1990ರ ದಶಕದಿಂದ ಈ ವಿಧಾನದ ವ್ಯಾಪಕ ಪ್ರಯೋಗಗಳು ನಡೆದವು. ಅಲ್ಲಿ ಎಣ್ಣೆ ಹೆಚ್ಚು ದೊರೆತರೂ ಕ್ಷಾರದಿಂದ ಬಾವಿಯ ಕೊಳವೆಗಳಲ್ಲಿ ಗಾರೆ ಕಟ್ಟುವ ತೊಂದರೆ ಎದುರಾಯಿತು. ಭಾರತದಲ್ಲಿ ತೈಲ ಮತ್ತು ನೈಸರ್ಗಿಕ ಅನಿಲ ನಿಗಮವು ಗುಜರಾತಿನ ವಿರಾಜ್ ಕ್ಷೇತ್ರದಲ್ಲಿ 2002ರಲ್ಲಿ ಇದರ ಪ್ರಾಯೋಗಿಕ ಬಳಕೆಯನ್ನು ಆರಂಭಿಸಿತು. ರಾಜಸ್ಥಾನದಲ್ಲಿ 2004ರಲ್ಲಿ ಪತ್ತೆಯಾಗಿ 2009ರಲ್ಲಿ ಉತ್ಪಾದನೆ ಆರಂಭಿಸಿದ ಮಂಗಳಾ ಕ್ಷೇತ್ರದಲ್ಲಿಯೂ ಪಾಲಿಮರ್ ಬಳಕೆಯ ಜೊತೆಗೆ ಈ ತ್ರಿವಳಿಯ ಪ್ರಯೋಗ ನಡೆದಿದೆ.

4. ಪದ ಮತ್ತು ಅನುಭವ

ಈ ವಿವರಗಳ ಹಿನ್ನೆಲೆಯಲ್ಲಿ ಪರಿಭಾಷೆಯ ಪ್ರಶ್ನೆಯನ್ನು ಮತ್ತೆ ನೋಡಬಹುದು. ‘ಮೇಲ್ಮೈ’ ಎಂದಾಗ ಕನ್ನಡ ಓದುಗನಿಗೆ ಒಂದು ವಸ್ತುವಿನ ಹೊರಮೈ ನೆನಪಾಗುತ್ತದೆ. ಇಲ್ಲಿ ಕ್ರಿಯೆ ನಡೆಯುವುದಾದರೋ ಪರಸ್ಪರ ಒಲ್ಲದ ಎರಡು ದ್ರವಗಳ ನಡುವಣ ಗಡಿಯಲ್ಲಿ. ಆದ್ದರಿಂದ ‘ಗಡಿಬಿಗಿತ’, ‘ಗಡಿಸಡಿಲಕ’ ಎಂಬಂತಹ ರಚನೆಗಳು ಹೆಚ್ಚು ಅರ್ಥವಾಹಿಯಾಗಬಲ್ಲವು. ಪಾಠದಲ್ಲಿ ‘ಸರ್ಫ್ಯಾಕ್ಟಂಟ್’ ಎಂಬ ಪದವನ್ನೇ ಉಳಿಸಿಕೊಂಡರೂ ಬಾಧಕವಿಲ್ಲ. ವಿವರಣೆಯನ್ನು ಜಿಡ್ಡು, ಚೌಳು, ಉಬ್ಬೆ, ಗಂಜಿಗಳ ಲೋಕದಿಂದ ಕಟ್ಟುವುದು ಮುಖ್ಯ. ‘ಅಂಟುವಾಳ’ ಪದದ ವ್ಯುತ್ಪತ್ತಿ ಏನೇ ಇರಲಿ, ಅದರಲ್ಲಿ ಕೇಳಿಸುವ ‘ಅಂಟು’ ಎಂಬ ಸದ್ದು ಎಣ್ಣೆ ಮತ್ತು ನೀರು ಎರಡಕ್ಕೂ ಅಂಟುವ ಅಣುವನ್ನು ಪಾಠ ಹೇಳುವವರಿಗೆ ನೆನಪಿಸಿಕೊಡುತ್ತದೆ.

ಆದರೆ ಈ ಅನುಭವಲೋಕವೇ ಕ್ಷೀಣಿಸುತ್ತಿದೆ. ವನ್ಯಜೀವಿ ಸಂರಕ್ಷಣಾ ಕಾಯಿದೆಗೆ 2002ರಲ್ಲಿ ಆದ ತಿದ್ದುಪಡಿಯ ತರುವಾಯ ಬಿಳಿಗಿರಿರಂಗನ ಬೆಟ್ಟದಲ್ಲಿ ಮಾರಾಟಕ್ಕಾಗಿ ಕಾಡಿನ ಉತ್ಪನ್ನ ಸಂಗ್ರಹಿಸುವುದಕ್ಕೆ ನಿಷೇಧ ಬಂದಿತು. 2006ರ ಅರಣ್ಯ ಹಕ್ಕು ಕಾಯಿದೆಯ ಅಡಿಯಲ್ಲಿ 2011ರಲ್ಲಿ ಸೋಲಿಗರ ಗ್ರಾಮಸಭೆಗಳಿಗೆ ಸಮುದಾಯ ಹಕ್ಕುಗಳು ದೊರೆತವು. ನಿಷೇಧದ ವರ್ಷಗಳಲ್ಲಿ ಕುಂಠಿತವಾದದ್ದು ಜೀವನೋಪಾಯವಷ್ಟೇ ಅಲ್ಲ. ಕಾಯಿ ಯಾವಾಗ ಬಲಿಯುತ್ತದೆ, ಹೇಗೆ ಒಣಗಿಸಬೇಕು, ಎಷ್ಟು ಹೊತ್ತು ನೆನೆಸಬೇಕು ಎಂಬ ಅರಿವನ್ನು ಹೊತ್ತ ಮಾತೂ ಬಳಕೆಯಿಂದ ಹಿಂದೆ ಸರಿಯುವ ಸಂಭವವಿದೆ. ಮಡಿವಾಳರ ಚೌಳು ಮತ್ತು ಉಬ್ಬೆಯ ಮಾತುಗಳು ಈಗಾಗಲೇ ಹಿರಿಯರ ನಾಲಗೆಯಲ್ಲಿ ಮಾತ್ರ ಉಳಿಯುವ ಹಂತ ತಲುಪಿವೆ. ವೃತ್ತಿಪದಕೋಶ ಮತ್ತು ವಿಜ್ಞಾನ ಪರಿಭಾಷೆ ಇವೆರಡನ್ನೂ ಪ್ರತ್ಯೇಕ ವಿಭಾಗಗಳಾಗಿ ಕಾಣುವ ಅಧ್ಯಯನ ಕ್ರಮ ಬದಲಾಗಬೇಕಾದುದು ಈ ಕಾರಣದಿಂದ. ಯಳಂದೂರು, ಕೊಳ್ಳೇಗಾಲ, ಹನೂರು ಭಾಗದ ಕ್ಷೇತ್ರಕಾರ್ಯದಲ್ಲಿ ದೊರೆಯುವ ಇಂತಹ ಪದಗಳನ್ನು ಅವುಗಳ ಕೆಲಸದ ವಿವರದೊಂದಿಗೆ ದಾಖಲಿಸಿದರೆ, ಅವು ಜಾನಪದ ಅಧ್ಯಯನಕ್ಕೂ ರಸಾಯನಶಾಸ್ತ್ರದ ಕನ್ನಡ ಪಠ್ಯಕ್ಕೂ ಸಮಾನವಾಗಿ ಆಕರವಾಗಬಲ್ಲವು.